ಲಾರ್ಡ್ ಬೆವರಿಜ್: ಮುಪ್ಪಿನ ಲೆಕ್ಕವನ್ನು ಬರೆದಿಟ್ಟ ಮಹನೀಯರು

ಪರಸ್ಥಳದಲ್ಲಿ ದುಡಿಯುವ ನಮ್ಮಲ್ಲಿ ಹೆಚ್ಚಿನವರನ್ನು ರಾತ್ರಿಯ ಹೊತ್ತು ಕಾಡುವ ಚಿಂತೆಗಳು ಎರಡು. ಊರಿನಲ್ಲಿರುವ ತಾಯಿತಂದೆಗಳು ಹಾಸಿಗೆ ಹಿಡಿದರೆ ಅವರನ್ನು ನೋಡಿಕೊಳ್ಳುವವರು ಯಾರು ಎಂಬುದು ಮೊದಲನೆಯದು. ನಾಳೆ ನಮ್ಮ ಕೈಕಾಲುಗಳ ಕಸುವು ಉಡುಗಿದಾಗ ನಮ್ಮನ್ನು ನೋಡಿಕೊಳ್ಳುವವರು ಯಾರು ಎಂಬುದು ಎರಡನೆಯದು. ಹೋಟೆಲಿನ ಒಲೆಯ ಮುಂದೆ ನಿಂತವರಿಗೂ ಕಚೇರಿಯ ಮೇಜಿನ ಮುಂದೆ ಕುಳಿತವರಿಗೂ ಈ ಚಿಂತೆಯು ಒಂದೇ ತೂಕದ್ದು. ತಿಂಗಳಿಗೊಮ್ಮೆ ಊರಿಗೆ ಹಣವನ್ನು ಕಳುಹಿಸಬಹುದು. ನೀರು ಕಾಯಿಸಿ ಮೈ ತೊಳೆಸುವ ಕೈಯನ್ನು ಕಳುಹಿಸಲು ಬರುವುದಿಲ್ಲ. ಒಂದೊಂದು ಮನೆಯವರು ಒಳಗೊಳಗೇ ನುಂಗಿಕೊಳ್ಳುವ ಈ ಕಷ್ಟವನ್ನು ಇಡೀ ರಾಷ್ಟ್ರವು ಕೂಡಿ ಕುಳಿತು ಲೆಕ್ಕ ಹಾಕಬೇಕೆಂದು ತೋರಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ಲಾರ್ಡ್ ವಿಲಿಯಂ ಬೆವರಿಜ್ ಅವರು ಅಗ್ರಗಣ್ಯರು. ಅವರು ಬರೆದಿಟ್ಟ ಲೆಕ್ಕವು ಎಷ್ಟು ದೊಡ್ಡದಾಗಿತ್ತು, ಅದರಲ್ಲಿ ಬರೆಯದೆ ಉಳಿದುದು ಏನು ಎಂಬುದನ್ನು ತಿಳಿಯುವುದು ನಮ್ಮ ವಾಚಕರಿಗೆ ಪ್ರಯೋಜನಕರವೆಂದು ನಾವು ಭಾವಿಸಿದ್ದೇವೆ.

ರಂಗಪುರದ ಕೂಸು

ಬೆವರಿಜ್ ಅವರು ಹುಟ್ಟಿದುದು ಭಾರತದ ನೆಲದಲ್ಲಿಯೇ. ಅಂದು ಬಂಗಾಲ ಪ್ರಾಂತಕ್ಕೆ ಸೇರಿದ್ದು ಇಂದು ಬಾಂಗ್ಲಾದೇಶದಲ್ಲಿರುವ ರಂಗಪುರ ಅವರ ಜನ್ಮಸ್ಥಳ. ಹುಟ್ಟಿದ ದಿನ 1879ನೆಯ ಇಸವಿಯ ಮಾರ್ಚ್ 5. ತಂದೆ ಹೆನ್ರಿ ಬೆವರಿಜ್ ಅವರು ಇಂಡಿಯನ್ ಸಿವಿಲ್ ಸರ್ವಿಸಿನಲ್ಲಿ ನ್ಯಾಯಾಧೀಶರು. ಆಳುವವರ ಪಂಗಡಕ್ಕೆ ಸೇರಿದವರಾದರೂ ಭಾರತೀಯರ ಆಕಾಂಕ್ಷೆಗಳ ವಿಷಯದಲ್ಲಿ ಅವರಿಗೆ ಸಹಾನುಭೂತಿಯಿದ್ದಿತು. ತಾಯಿ ಆನೆಟ್ ಅವರು 1872ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆಯನ್ನು ತೆರೆಯಬೇಕೆಂಬ ಉದ್ದೇಶದಿಂದ ಕಲಕತ್ತೆಗೆ ಬಂದ ಸಾಹಸಿ. ಬಾಬರನ ಆತ್ಮಚರಿತ್ರೆಯನ್ನು ತುರ್ಕಿ ಮೂಲದಿಂದ ಇಂಗ್ಲಿಷಿಗೆ ತಂದ ಕೀರ್ತಿ ಈ ತಾಯಿಗೆ ಸಲ್ಲುತ್ತದೆ. ಕಿವಿ ಕೇಳಿಸದಂತಾದ ಮೇಲೂ ಅವರು ಆ ಕೆಲಸವನ್ನು ಬಿಡಲಿಲ್ಲ. ಗ್ರಂಥವು 1922ರಲ್ಲಿ ಸಂಪೂರ್ಣವಾದಾಗ ಅವರಿಗೆ ಎಂಬತ್ತು ಸಮೀಪಿಸಿದ್ದಿತು. ಮುಪ್ಪು ಬಂದೊಡನೆ ಮನುಷ್ಯನ ಬೆಲೆ ಕುಂದುವುದಿಲ್ಲ ಎಂಬ ಪಾಠವನ್ನು ಮಗನು ಮನೆಯಲ್ಲಿಯೇ ಕಂಡಿದ್ದನು. ಆ ತಾಯಿತಂದೆಗಳ ಭಾರತ ಜೀವನವನ್ನು ಕುರಿತು ಮುಂದೆ 1947ರಲ್ಲಿ ಅವರು ಒಂದು ಗ್ರಂಥವನ್ನೇ ಪ್ರಕಟಿಸಿದರು.

ವಿದ್ಯಾಭ್ಯಾಸವೆಲ್ಲ ಇಂಗ್ಲೆಂಡಿನಲ್ಲಿ ನಡೆಯಿತು. ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಗಣಿತ ಮತ್ತು ಪ್ರಾಚೀನ ಭಾಷೆಗಳಲ್ಲಿ ಪ್ರಥಮ ದರ್ಜೆಯನ್ನು ಪಡೆದ ತರುಣನು ವಕೀಲನಾಗಿ ಸುಖವಾಗಿರಬಹುದಾಗಿತ್ತು. ಅದನ್ನು ಬಿಟ್ಟು 1903ರಲ್ಲಿ ಅವರು ಲಂಡನ್ನಿನ ಪೂರ್ವ ಭಾಗದ ಬಡವರ ಕೇರಿಯಲ್ಲಿದ್ದ ಟಾಯ್ನ್‌ಬೀ ಹಾಲ್ ಎಂಬ ಸೇವಾಸಂಸ್ಥೆಯನ್ನು ಸೇರಿದರು.

ಬಡವರ ಮನೆಯ ಭಯ

ಅಲ್ಲಿ ಅವರು ಕಂಡ ನೋಟವು ಮುಂಬಯಿಯಲ್ಲಿರುವ ನಮಗೆ ಹೊಸದಲ್ಲ. ನಮ್ಮ ನಾಕಾಗಳಲ್ಲಿ ಬೆಳಗಿನ ಜಾವ ಕೂಲಿಗಾಗಿ ಕಾದು ನಿಲ್ಲುವವರಂತೆ, ಅಲ್ಲಿಯ ಹಡಗುಕಟ್ಟೆಗಳ ಬಾಗಿಲಲ್ಲಿ ಸಾವಿರಾರು ಜನರು ಆ ದಿನದ ಕೆಲಸಕ್ಕಾಗಿ ಕಾಯುತ್ತಿದ್ದರು. ಮೈಯಲ್ಲಿ ಶಕ್ತಿಯಿದ್ದವನಿಗೆ ಒಂದು ದಿನವಲ್ಲದಿದ್ದರೆ ಮತ್ತೊಂದು ದಿನ ಕೆಲಸ ಸಿಗುತ್ತಿತ್ತು. ಮುದುಕನಾದವನಿಗೆ, ಕೈ ಮುರಿದವನಿಗೆ, ಕಣ್ಣು ಕಾಣದವನಿಗೆ ಉಳಿದ ದಾರಿ ಯಾವುದು?

1834ರ ಬಡವರ ಕಾನೂನಿನ ಪ್ರಕಾರ ಅಂಥವರಿಗೆ ವರ್ಕ್‌ಹೌಸ್ ಎಂಬ ಬಡವರ ಮನೆಯೇ ಕೊನೆಯ ಆಶ್ರಯವಾಗಿದ್ದಿತು. ಅಲ್ಲಿ ಗಂಡಸರಿಗೆ ಬೇರೆ ಕೋಣೆ, ಹೆಂಗಸರಿಗೆ ಬೇರೆ ಕೋಣೆ. ಜೀವಮಾನವೆಲ್ಲ ಕೂಡಿ ಬಾಳಿದ ಮುದಿ ದಂಪತಿಗಳೂ ಎಷ್ಟೋ ಕಡೆಗಳಲ್ಲಿ ಬಾಗಿಲಲ್ಲಿಯೇ ಅಗಲಬೇಕಾಗುತ್ತಿತ್ತು. ಹೊರಗಿನ ಅತ್ಯಂತ ಬಡ ಕೂಲಿಯ ಸ್ಥಿತಿಗಿಂತಲೂ ಒಳಗಿನ ಸ್ಥಿತಿಯು ಹೀನವಾಗಿರಬೇಕೆಂಬುದು ಆ ಕಾನೂನಿನ ಬುದ್ಧಿಪೂರ್ವಕವಾದ ನಿಯಮ. ಸುಖವಾಗಿಟ್ಟರೆ ಜನರು ಸೋಮಾರಿಗಳಾಗುವರೆಂಬ ಶಂಕೆ! ಹೀಗಾಗಿ ಸಾವಿಗಿಂತ ಹೆಚ್ಚಾಗಿ ಬಡವರ ಮನೆಗೆ ಹೆದರಿದ ಮುದುಕರು ಆ ದೇಶದಲ್ಲಿ ಅಸಂಖ್ಯರಾಗಿದ್ದರು. ದಾನದಲ್ಲಿ ಅಪಮಾನವಿದೆ, ಹಕ್ಕಿನಲ್ಲಿ ಮಾನವಿದೆ ಎಂಬ ವಿಚಾರವು ಬೆವರಿಜ್ ಅವರ ಮನಸ್ಸಿನಲ್ಲಿ ಬೇರೂರಿದ್ದು ಈ ಕಾಲದಲ್ಲಿಯೇ.

ಜರ್ಮನಿಯ ಪಾಠ

1907ರಲ್ಲಿ ಅವರು ಜರ್ಮನಿಗೆ ಹೋಗಿ ಬಂದರು. ಆ ದೇಶದಲ್ಲಿ ಬಿಸ್ಮಾರ್ಕರು 1883ರಲ್ಲಿ ಕಾಯಿಲೆಯ ವಿಮೆಯನ್ನು, 1884ರಲ್ಲಿ ಅಪಘಾತದ ವಿಮೆಯನ್ನು, 1889ರಲ್ಲಿ ಮುಪ್ಪು ಮತ್ತು ಅಂಗವೈಕಲ್ಯದ ವಿಮೆಯನ್ನು ಕಾನೂನಿನಿಂದ ಜಾರಿಗೆ ತಂದಿದ್ದರು. ಕೆಲಸಗಾರನು ಸ್ವಲ್ಪ, ಮಾಲಕನು ಅಷ್ಟೇ, ಸರಕಾರವು ತನ್ನದೊಂದು ಪಾಲು, ಹೀಗೆ ಮೂವರೂ ಕೂಡಿ ಮುಪ್ಪಿನ ವಂತಿಗೆಯನ್ನು ತುಂಬುವ ವ್ಯವಸ್ಥೆ ಅದು. ಬಿಸ್ಮಾರ್ಕರ ಉದ್ದೇಶವು ಸಮಾಜವಾದಿಗಳ ಬಲವನ್ನು ಕುಗ್ಗಿಸುವುದಾಗಿದ್ದರೂ, ಕೆಲಸಗಾರನ ಕೈಗೆ ಬಂದುದು ಮಾತ್ರ ನಿಜವಾದ ಹಣವಾಗಿದ್ದಿತು. ಕೈಚಾಚಿ ಬೇಡದೆ, ಕಟ್ಟಿದ ಕಂತಿನ ಬಲದಿಂದ ಪಡೆಯುವ ಈ ಪದ್ಧತಿಯು ತರುಣ ಬೆವರಿಜ್ ಅವರನ್ನು ಆಕರ್ಷಿಸಿತು.

ಇಂಗ್ಲೆಂಡಿನಲ್ಲಿ 1908ರಲ್ಲಿ ವೃದ್ಧಾಪ್ಯ ವೇತನದ ಕಾಯಿದೆಯಾಗಿ 1909ರ ಜನವರಿ 1ರಿಂದ ಹಣ ಹಂಚಲಾರಂಭವಾಯಿತು. 70 ವರ್ಷ ದಾಟಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ 5 ಶಿಲ್ಲಿಂಗ್. ಇದಕ್ಕೆ ವಂತಿಗೆ ಬೇಕಿರಲಿಲ್ಲ. ಆದರೆ ಆದಾಯವನ್ನೂ ನಡತೆಯನ್ನೂ ಪರೀಕ್ಷಿಸುತ್ತಿದ್ದರು. ಇದೇ ವೇಳೆಗೆ ಬೆವರಿಜ್ ಅವರು ವ್ಯಾಪಾರ ಖಾತೆಯನ್ನು ಸೇರಿ, ಅಂದು ಆ ಖಾತೆಯ ಮಂತ್ರಿಗಳಾಗಿದ್ದ ಚರ್ಚಿಲರ ಕೈಕೆಳಗೆ ಉದ್ಯೋಗ ವಿನಿಮಯ ಕಚೇರಿಗಳನ್ನು ರೂಪಿಸಿದರು. 1909ರಲ್ಲಿ ಅದರ ಕಾಯಿದೆಯಾಯಿತು, 1910ರ ಫೆಬ್ರವರಿಯಲ್ಲಿ ಕಚೇರಿಗಳು ತೆರೆದವು. 1911ರ ರಾಷ್ಟ್ರೀಯ ವಿಮೆಯ ಕಾಯಿದೆಯಲ್ಲಿಯೂ, ವಿಶೇಷವಾಗಿ ನಿರುದ್ಯೋಗ ವಿಮೆಯ ಭಾಗದಲ್ಲಿ, ಅವರ ಕೈವಾಡವಿದ್ದಿತು.

1919ರಿಂದ 1937ರವರೆಗೆ ಅವರು ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸಿನ ನಿರ್ದೇಶಕರಾಗಿದ್ದರು. ನಮ್ಮ ಡಾಕ್ಟರ್ ಅಂಬೇಡ್ಕರರು ಅಲ್ಲಿ ಓದಿ 1921ರಲ್ಲಿ ಎಂ.ಎಸ್‌ಸಿ. ಪದವಿಯನ್ನೂ 1923ರಲ್ಲಿ ಡಿ.ಎಸ್‌ಸಿ. ಪದವಿಯನ್ನೂ ಪಡೆದುದು ಇದೇ ಅವಧಿಯಲ್ಲಿ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಕೊನೆಯಲ್ಲಿ ನಾವು ಅಲ್ಲಿಗೆ ಮರಳಲಿದ್ದೇವೆ.

ಯುದ್ಧದ ನಡುವೆ ಒಂದು ವರದಿ

ಎರಡನೆಯ ಮಹಾಯುದ್ಧವು ಬಂದಾಗ ಬೆವರಿಜ್ ಅವರಿಗೆ ಅರುವತ್ತು ದಾಟಿದ್ದಿತು. ಯುದ್ಧಕಾಲದ ಕಾರ್ಮಿಕ ವ್ಯವಸ್ಥೆಯನ್ನು ತಮ್ಮ ಕೈಗೆ ಕೊಡಬೇಕೆಂಬ ಆಸೆ ಅವರಿಗಿದ್ದಿತು. ಸ್ವಭಾವತಃ ಹಟವಾದಿಗಳು, ಎದುರಿನವರ ಮಾತನ್ನು ಸುಲಭವಾಗಿ ಒಪ್ಪುವವರಲ್ಲ. ಕಾರ್ಮಿಕ ಮಂತ್ರಿಗಳಿಗೂ ಅವರಿಗೂ ಸರಿಹೋಗಲಿಲ್ಲ. ಅವರನ್ನು ಹೇಗಾದರೂ ಬೇರೆಡೆಗೆ ಸಾಗಹಾಕಬೇಕೆಂದು 1941ರ ಜೂನಿನಲ್ಲಿ ಸಾಮಾಜಿಕ ವಿಮೆಯ ಪದ್ಧತಿಗಳನ್ನು ಪರಿಶೀಲಿಸುವ ಒಂದು ಸಮಿತಿಯ ಅಧ್ಯಕ್ಷರನ್ನಾಗಿ ನೇಮಿಸಿದರು. ಯಾರ ಕಣ್ಣಿಗೂ ಬೀಳದ ಮೂಲೆಯ ಕೆಲಸವೆಂದು ಬೆವರಿಜ್ ಅವರು ನೊಂದುಕೊಂಡರು. ಆದರೆ ಮೂಲೆಗೆ ತಳ್ಳಿದ ಕೆಲಸವೇ ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿತು.

1942ರ ಡಿಸೆಂಬರ್ 1ರಂದು ಅವರೊಬ್ಬರದೇ ಸಹಿಯಿದ್ದ ವರದಿಯು ಪ್ರಕಟವಾಯಿತು. ಸುಮಾರು 300 ಪುಟಗಳು, ತುಂಬ ಅಂಕಿಸಂಖ್ಯೆಗಳು, ಸರಕಾರಿ ಭಾಷೆ. ಆದರೂ ಅದನ್ನು ಕೊಳ್ಳಲು ಜನರು ಸಾಲುಗಟ್ಟಿ ನಿಂತರು. ಸಂಕ್ಷಿಪ್ತ ಆವೃತ್ತಿಯನ್ನೂ ಕೂಡಿಸಿ ಆರು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಬಾಂಬು ಬಿದ್ದ ಬೀದಿಗಳಲ್ಲಿ ವಾಸಿಸುತ್ತಿದ್ದ ಜನತೆಗೆ, ಯುದ್ಧ ಮುಗಿದ ಮೇಲೆ ತಮ್ಮ ಗತಿಯೇನೆಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಕಂಡಿತು. ಕೊರತೆ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ರಾಕ್ಷಸರನ್ನು ಅವರು ಹೆಸರಿಸಿ, ಕೊರತೆಯನ್ನು ಕೊಲ್ಲುವ ಆಯುಧವನ್ನು ವರದಿಯಲ್ಲಿ ವಿವರಿಸಿದ್ದರು.

ಆ ಆಯುಧದ ರೀತಿ ಹೀಗಿದ್ದಿತು. ದುಡಿಯುವ ಪ್ರತಿಯೊಬ್ಬನೂ ವಾರಕ್ಕೊಮ್ಮೆ ಒಂದೇ ಸ್ಟಾಂಪಿನ ಮೂಲಕ ಒಂದೇ ದರದ ವಂತಿಗೆಯನ್ನು ಕೊಡುವುದು; ಮಾಲಕನೂ ಸರಕಾರವೂ ತಮ್ಮ ಪಾಲನ್ನು ಕೂಡಿಸುವುದು; ಕಾಯಿಲೆ, ನಿರುದ್ಯೋಗ, ಅಂಗವೈಕಲ್ಯ, ಮುಪ್ಪು ಬಂದಾಗ ಬದುಕಲು ಸಾಕಾಗುವಷ್ಟು ಹಣವನ್ನು ಯಾರ ಮನೆಯ ಪೆಟ್ಟಿಗೆಯನ್ನೂ ತೆರೆದು ನೋಡದೆ ಹಕ್ಕಿನಿಂದ ಕೊಡುವುದು. ಇದರ ಬೆನ್ನಿಗೆ ಎಲ್ಲರಿಗೂ ವೈದ್ಯಕೀಯ ಸೇವೆ, ಮಕ್ಕಳಿಗೆ ಭತ್ಯೆ, ಉದ್ಯೋಗದ ರಕ್ಷಣೆ ಇರಬೇಕೆಂದು ಅವರು ಭಾವಿಸಿದ್ದರು.

ಮುಪ್ಪಿನ ವಿಷಯದಲ್ಲಿ ಬೆವರಿಜ್ ಅವರು ಭಾವಾವೇಶಕ್ಕೆ ಒಳಗಾಗಲಿಲ್ಲ. ಮುದುಕರ ಸಂಖ್ಯೆ ವರ್ಷ ವರ್ಷಕ್ಕೆ ಏರುವುದೆಂದೂ, ವಿಮೆಯ ಅತ್ಯಂತ ಭಾರವಾದ ಬಾಬು ಇದೇ ಆಗುವುದೆಂದೂ ಅವರು ಗಣಿತಜ್ಞನ ಕಣ್ಣಿನಿಂದ ಕಂಡಿದ್ದರು. ಮಕ್ಕಳ ಮತ್ತು ರೋಗಿಗಳ ಅಗತ್ಯಗಳನ್ನು ಪೂರೈಸುವುದಕ್ಕೆ ಮೊದಲು ಮುಪ್ಪಿಗೆ ಧಾರಾಳವಾಗಿ ಖರ್ಚು ಮಾಡುವುದು ಅಪಾಯವೆಂದು ಎಚ್ಚರಿಸಿದರು. ಪೂರ್ಣ ಪಿಂಚಣಿಯನ್ನು 20 ವರ್ಷಗಳಲ್ಲಿ ಹಂತ ಹಂತವಾಗಿ ತಲುಪಬೇಕೆಂದೂ, ವಯಸ್ಸಾದ ಮೇಲೂ ದುಡಿಯುವವನಿಗೆ ಮುಂದೆ ಹೆಚ್ಚಿನ ಪಿಂಚಣಿ ಸಿಗಬೇಕೆಂದೂ ಸೂಚಿಸಿದರು. ಆದರೆ 1946ರಲ್ಲಿ ಲೇಬರ್ ಸರಕಾರವು ರಾಷ್ಟ್ರೀಯ ವಿಮೆಯ ಕಾಯಿದೆಯನ್ನು ಮಾಡುವಾಗ ಅಷ್ಟು ಕಾಯಲು ಒಪ್ಪದೆ, ಒಂಟಿ ವ್ಯಕ್ತಿಗೆ ವಾರಕ್ಕೆ 26 ಶಿಲ್ಲಿಂಗ್ ಪಿಂಚಣಿಯನ್ನು ಒಮ್ಮೆಲೇ ಜಾರಿಗೆ ತಂದಿತು.

ಇಷ್ಟರೊಳಗೆ ಬೆವರಿಜ್ ಅವರು 1944ರಲ್ಲಿ ಲಿಬರಲ್ ಪಕ್ಷದಿಂದ ಪಾರ್ಲಿಮೆಂಟನ್ನು ಪ್ರವೇಶಿಸಿ, 1945ರ ಚುನಾವಣೆಯಲ್ಲಿ ಸೋತಿದ್ದರು. 1946ರಲ್ಲಿ ಲಾರ್ಡ್ ಪದವಿ ಬಂದಿತು. ತಮ್ಮ ವರದಿಯನ್ನು ಕಾನೂನಾಗಿ ಮಾಡುವ ಕೆಲಸವನ್ನು ಬೇರೆಯವರು ಮಾಡುತ್ತಿರುವುದನ್ನು ಅವರು ಹೊರಗಿನಿಂದ ನೋಡಬೇಕಾಯಿತು.

ಒಂದೇ ದಿನ, ಎರಡು ಬಾಗಿಲು

1948ನೆಯ ಇಸವಿಯ ಜುಲೈ 5 ಇಂಗ್ಲೆಂಡಿನ ಇತಿಹಾಸದಲ್ಲಿ ದೊಡ್ಡ ದಿನ. ರಾಷ್ಟ್ರೀಯ ವಿಮೆ, ರಾಷ್ಟ್ರೀಯ ಆರೋಗ್ಯ ಸೇವೆ, ರಾಷ್ಟ್ರೀಯ ನೆರವಿನ ಕಾಯಿದೆ ಈ ಮೂರೂ ಅಂದೇ ಜಾರಿಗೆ ಬಂದವು. ಬಡವರ ಕಾನೂನು ಅಳಿಯಿತು. ಆಸ್ಪತ್ರೆಯು ಎಲ್ಲರಿಗೂ ಉಚಿತವಾಯಿತು. ಆದರೆ ಕಾಯಿಲೆಯೂ ಅಲ್ಲದ, ಆರೋಗ್ಯವೂ ಅಲ್ಲದ ಒಂದು ಸ್ಥಿತಿಯಿದೆಯಲ್ಲವೆ? ವೈದ್ಯರಿಂದ ಆಗುವುದೇನೂ ಉಳಿದಿಲ್ಲ. ಆದರೂ ಎಬ್ಬಿಸಲು, ಉಣಿಸಲು, ಬಟ್ಟೆ ತೊಡಿಸಲು ಇನ್ನೊಬ್ಬರು ಬೇಕು. ಇಂಥ ಮುದುಕರನ್ನೂ ಅಂಗವಿಕಲರನ್ನೂ ಸ್ಥಳೀಯ ಸಂಸ್ಥೆಗಳು ನಡೆಸುವ ಆಶ್ರಯಗಳಿಗೆ ಒಪ್ಪಿಸಲಾಯಿತು. ಅಲ್ಲಿ ಸೇವೆಯು ಉಚಿತವಲ್ಲ.

ಆರೋಗ್ಯ ಮಂತ್ರಿಗಳಾಗಿದ್ದವರು ಅನ್ಯೂರಿನ್ ಬೆವನ್. ಹೆಸರು ಸಮೀಪವಾದರೂ ಇವರು ಬೇರೆ. ಹೋಟೆಲಿನಲ್ಲಿ ಇಳಿದುಕೊಂಡ ಅತಿಥಿಯು ಹಣ ಕೊಟ್ಟು ಮಾನದಿಂದ ಇರುವಂತೆ ಮುದುಕರೂ ಈ ಆಶ್ರಯಗಳಲ್ಲಿ ಇರಬೇಕೆಂಬುದು ಬೆವನ್ನರ ಕಲ್ಪನೆ. 26 ಶಿಲ್ಲಿಂಗ್ ಪಿಂಚಣಿಯಲ್ಲಿ 21ನ್ನು ಆಶ್ರಯಕ್ಕೆ ಕೊಟ್ಟು, 5 ಶಿಲ್ಲಿಂಗನ್ನು ಕೈಖರ್ಚಿಗೆ ಇಟ್ಟುಕೊಳ್ಳುವುದು. ಹೆಚ್ಚು ಆಸ್ತಿಯುಳ್ಳವರು ಹೆಚ್ಚು ಕೊಡುವುದು. ಕಲ್ಪನೆಯು ಉದಾತ್ತವಾದುದೇ. ಆದರೆ ಅತಿಥಿಗೆ ಹೋಟೆಲನ್ನು ಬಿಟ್ಟು ಹೋಗುವ ಸ್ವಾತಂತ್ರ್ಯವಿರುತ್ತದೆ; ಹಾಸಿಗೆ ಹಿಡಿದವನಿಗೆ ಅದು ಇಲ್ಲ. ಹೊಸ ಕಟ್ಟಡಗಳೂ ಬೇಗನೆ ಏಳಲಿಲ್ಲ. ಪೀಟರ್ ಟೌನ್ಸೆಂಡ್ ಎಂಬ ಸಮಾಜಶಾಸ್ತ್ರಜ್ಞರು ದೇಶವನ್ನು ಸುತ್ತಿ 1962ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಹಳೆಯ ವರ್ಕ್‌ಹೌಸ್ ಕಟ್ಟಡಗಳಲ್ಲಿಯೇ ಎಷ್ಟೋ ಮುದುಕರು ಇನ್ನೂ ಕೊನೆಯ ದಿನಗಳನ್ನು ಎಣಿಸುತ್ತಿರುವುದು ಹೊರಬಿದ್ದಿತು. ಬೋರ್ಡು ಬದಲಾಗಿತ್ತು, ಗೋಡೆ ಬದಲಾಗಿರಲಿಲ್ಲ.

ಈ ಇಬ್ಬಂದಿಯ ಮೂಲವು ಬೆವರಿಜ್ ಅವರ ಲೆಕ್ಕದಲ್ಲಿಯೇ ಇದ್ದಿತೆಂದು ನಾವು ವಿನಯದಿಂದ ಹೇಳಬೇಕಾಗಿದೆ. ಕಾಯಿಲೆಗೊಂದು ಬಾಬು, ನಿರುದ್ಯೋಗಕ್ಕೊಂದು ಬಾಬು, ಹೆರಿಗೆಗೊಂದು ಬಾಬು, ಶವಸಂಸ್ಕಾರಕ್ಕೂ ಒಂದು ಬಾಬು ಇದ್ದ ಅವರ ವಿಮೆಯಲ್ಲಿ, ವರ್ಷಾನುಗಟ್ಟಲೆ ನಡೆಯುವ ಆರೈಕೆಗೆಂದು ಒಂದು ಬಾಬು ಇರಲಿಲ್ಲ. ಗಂಡನು ದುಡಿಯುವನು, ಹೆಂಡತಿಯು ಮನೆಯನ್ನು ನೋಡುವಳು ಎಂಬುದು ಆ ಯೋಜನೆಯ ತಳಹದಿ. ಮುದಿ ಅತ್ತೆಯನ್ನೋ, ಕಾಲಿಲ್ಲದ ಮಗನನ್ನೋ ನೋಡಿಕೊಳ್ಳುವ ಹೆಂಗಸಿನ ದುಡಿಮೆಯು ಹೇಗೂ ನಡೆದುಕೊಂಡು ಹೋಗುವುದೆಂದು ಎಲ್ಲರೂ ಎಣಿಸಿದ್ದರು. ಹೇಗೂ ನಡೆಯುವ ಕೆಲಸಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ.

ಹಣವೊಂದೇ ಸಾಲದೆಂಬ ಅರಿವು

ಆದರೆ ಬೆವರಿಜ್ ಅವರ ದೊಡ್ಡತನವೆಂದರೆ, ಜಗತ್ತೆಲ್ಲ ಹೊಗಳುತ್ತಿದ್ದ ತಮ್ಮ ವರದಿಯಲ್ಲಿಯೇ ಅವರು ನಿಂತುಬಿಡಲಿಲ್ಲ. 1948ರಲ್ಲಿ ಸ್ವಯಂಸೇವಾ ಕಾರ್ಯವನ್ನು ಕುರಿತು ಅವರು ಮತ್ತೊಂದು ಗ್ರಂಥವನ್ನು ಪ್ರಕಟಿಸಿದರು. ಸರಕಾರವು ಹಣ ಕೊಟ್ಟ ಮೇಲೂ ಉಳಿಯುವ ಅಗತ್ಯಗಳು ಯಾವುವೆಂದು ಅದರಲ್ಲಿ ವಿಚಾರಿಸಿ, ಮುದುಕರ, ದೀರ್ಘರೋಗಿಗಳ, ಅಂಗವಿಕಲರ ಅವಸ್ಥೆಯನ್ನು ಮುಂದಿಟ್ಟರು. ಕೆಲಸಗಾರರು ತಾವೇ ಕಟ್ಟಿಕೊಂಡ ಪರಸ್ಪರ ಸಹಾಯ ಸಂಘಗಳನ್ನು ಅವರು ಮೆಚ್ಚಿ ಬರೆದರು. ನಮ್ಮವರು ಮುಂಬಯಿಯಲ್ಲಿ ನಡೆಸುವ ಭಿಶಿ, ಊರಿನವರು ಕೂಡಿ ಕಟ್ಟಿದ ಸಂಘಗಳು ಇವುಗಳ ದೂರದ ಬಂಧುಗಳೆಂದರೆ ಅದೇ. ಕಷ್ಟದಲ್ಲಿದ್ದವನ ಮನೆಗೆ ಹಣವನ್ನು ಮಾತ್ರವಲ್ಲದೆ ಮನುಷ್ಯನನ್ನೂ ಕಳುಹಿಸುವ ಶಕ್ತಿ ಇಂಥ ಸಂಘಗಳಿಗೆ ಇದೆಯೆಂದು ಅವರು ನಂಬಿದ್ದರು.

ಅವರ ಗೃಹಜೀವನವು ತಡವಾಗಿ ಆರಂಭವಾಯಿತು. ವರದಿಯು ಪ್ರಕಟವಾದ ತಿಂಗಳಿನಲ್ಲಿಯೇ, 63ನೆಯ ವಯಸ್ಸಿನಲ್ಲಿ, ಬಹುಕಾಲದ ಸಹಕಾರ್ಯಕರ್ತೆಯಾಗಿದ್ದ ವಿಧವೆ ಜೆಸ್ಸಿ ಮೇರ್ ಅವರನ್ನು ಮದುವೆಯಾದರು. 1959ರಲ್ಲಿ ಆಕೆಯೂ ತೀರಿಕೊಂಡರು. ಬೆಲೆಗಳ ಇತಿಹಾಸವನ್ನು ಬರೆಯುವುದು ಬೆವರಿಜ್ ಅವರ ಬಹುದಿನದ ವ್ರತ. ಅದರ ಮೊದಲ ಸಂಪುಟವು 1939ರಲ್ಲಿಯೇ ಹೊರಬಂದಿದ್ದಿತು. ಉಳಿದುದನ್ನು ಮುಗಿಸಲು ಮುಪ್ಪಿನಲ್ಲಿಯೂ ಹೆಣಗುತ್ತಿದ್ದರು. ಕೆಲಸವು ಮುಗಿಯುವ ಮೊದಲೇ, 1963ರ ಮಾರ್ಚ್ 16ರಂದು ಆಕ್ಸ್‌ಫರ್ಡಿನಲ್ಲಿ 84ನೆಯ ವಯಸ್ಸಿನಲ್ಲಿ ಅವರು ದಿವಂಗತರಾದರು.

ಅವರ ಅನಂತರ

ಬರೆಯದೆ ಬಿಟ್ಟ ಬಾಬು ಅವರ ಕಾಲಾನಂತರ ಒಂದೊಂದಾಗಿ ತಲೆಯೆತ್ತಿತು. 1971ರಲ್ಲಿ ತೀವ್ರ ಅಂಗವೈಕಲ್ಯದಿಂದ ಇನ್ನೊಬ್ಬರ ನೆರವು ಬೇಕಾದವರಿಗೆ ಆದಾಯವನ್ನು ನೋಡದೆ ಭತ್ಯೆ ಕೊಡಲಾರಂಭಿಸಿದರು. 1976ರಲ್ಲಿ ಆರೈಕೆ ಮಾಡುವವರಿಗೇ ಒಂದು ಭತ್ಯೆ ಬಂದಿತು. ಆದರೆ ಮದುವೆಯಾದ ಹೆಂಗಸರಿಗೆ ಅದು ಇಲ್ಲ! ಅವರು ಹೇಗೂ ಮನೆಯಲ್ಲಿಯೇ ಇರುವರಷ್ಟೆ ಎಂಬ ತರ್ಕ. ಒಬ್ಬ ಗೃಹಿಣಿಯು ನ್ಯಾಯಾಲಯದಲ್ಲಿ ಹೋರಾಡಿದ ಮೇಲೆ 1986ರಲ್ಲಿ ಆ ತಡೆ ಹೋಯಿತು. 1999ರಲ್ಲಿ ರಾಜ ಆಯೋಗವೊಂದು ವೈಯಕ್ತಿಕ ಆರೈಕೆಯು ಉಚಿತವಾಗಬೇಕೆಂದು ಶಿಫಾರಸು ಮಾಡಿತು. ಸ್ಕಾಟ್ಲೆಂಡು 2002ರಿಂದ 65 ದಾಟಿದವರ ವಿಷಯದಲ್ಲಿ ಅದನ್ನು ನಡೆಸಿತು, ಇಂಗ್ಲೆಂಡು ನಡೆಸಲಿಲ್ಲ. 2010ರಲ್ಲಿ ನಿಗದಿಯಾದ ಮಿತಿಯಂತೆ ಇಂಗ್ಲೆಂಡಿನಲ್ಲಿ 23,250 ಪೌಂಡಿಗಿಂತ ಹೆಚ್ಚಿನ ಆಸ್ತಿಯುಳ್ಳವನು ಆರೈಕೆಯ ವೆಚ್ಚವನ್ನೆಲ್ಲ ತಾನೇ ತುಂಬಬೇಕಾಯಿತು. ಆಶ್ರಯವನ್ನು ಸೇರಿದ ಒಂಟಿ ಮುದುಕರು ಮನೆಯನ್ನು ಮಾರುವ ಪ್ರಸಂಗಗಳು ಬಂದವು. ಜೀವಮಾನದ ಆರೈಕೆಯ ವೆಚ್ಚಕ್ಕೆ 86,000 ಪೌಂಡುಗಳ ಗಡಿಯನ್ನು ಹಾಕುವುದಾಗಿ 2021ರಲ್ಲಿ ಸಾರಿ, ಮುಂದೂಡಿ, 2024ರಲ್ಲಿ ಆ ಯೋಚನೆಯನ್ನೇ ಕೈಬಿಟ್ಟರು.

ಬೆವರಿಜ್ ಅವರಿಗೆ ಪಾಠ ಹೇಳಿದ ಜರ್ಮನಿಯು ಬೇರೆ ದಾರಿ ಹಿಡಿಯಿತು. 1995ರಲ್ಲಿ ಅದು ಕಾಯಿಲೆ, ಅಪಘಾತ, ಮುಪ್ಪು, ನಿರುದ್ಯೋಗಗಳ ಜೊತೆಗೆ ಆರೈಕೆಯನ್ನೇ ಐದನೆಯ ವಿಮೆಯನ್ನಾಗಿ ಮಾಡಿತು. ಕೆಲಸಗಾರನೂ ಮಾಲಕನೂ ಸಮವಾಗಿ ವಂತಿಗೆ ಕೊಡಬೇಕು. ಮಾಲಕರ ಹೊರೆಯನ್ನು ಸರಿದೂಗಿಸಲು ಹೆಚ್ಚಿನ ಪ್ರಾಂತಗಳಲ್ಲಿ ಕೆಲಸಗಾರರು ವರ್ಷದ ಒಂದು ರಜೆಯನ್ನು ಬಿಟ್ಟುಕೊಟ್ಟರು. ಹಾಸಿಗೆ ಹಿಡಿದವನು ಸೇವಕರನ್ನಾದರೂ ಪಡೆಯಬಹುದು, ಮನೆಯವರು ನೋಡಿಕೊಂಡರೆ ಹಣವನ್ನಾದರೂ ಪಡೆಯಬಹುದು. ಆರೈಕೆ ಮಾಡುವ ಮಗಳ ಮುಂದಿನ ಪಿಂಚಣಿಗೂ ಆ ವಿಮೆಯೇ ಕಂತು ಕಟ್ಟುತ್ತದೆ. ಜಪಾನು 2000ನೆಯ ಇಸವಿಯಲ್ಲಿ ಇದೇ ದಾರಿಯನ್ನು ಅನುಸರಿಸಿ, 40 ವರ್ಷ ದಾಟಿದವರಿಂದ ವಂತಿಗೆಯನ್ನು ಎತ್ತಲಾರಂಭಿಸಿತು.

ನಮ್ಮ ಕಿಸೆಯಲ್ಲಿರುವ ಚೀಟಿ

ಈಗ ನಾವು ಅಂಬೇಡ್ಕರರ ಮಾತಿಗೆ ಮರಳೋಣ. ಅವರು ವೈಸರಾಯರ ಮಂಡಲದಲ್ಲಿ ಕಾರ್ಮಿಕ ಖಾತೆಯನ್ನು ವಹಿಸಿದ್ದಾಗ, 1943ರಲ್ಲಿ, ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಅವರನ್ನು ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆಗೆ ನೇಮಿಸಲಾಯಿತು. 1944ರಲ್ಲಿ ವರದಿ ಬಂದಿತು. ಅಡಾರ್ಕರರಿಗೆ ಕಿರಿಯ ಬೆವರಿಜ್ ಎಂಬ ಹೆಸರೂ ಬಂದಿತು. ಅದರ ಫಲವೇ 1948ರ ಕಾರ್ಮಿಕರ ರಾಜ್ಯ ವಿಮೆಯ ಕಾಯಿದೆ. 1952ರ ಫೆಬ್ರವರಿ 24ರಂದು ಕಾನಪುರದಲ್ಲಿ ನೆಹರೂ ಅವರು ಇ.ಎಸ್.ಐ.ಯನ್ನು ಉದ್ಘಾಟಿಸಿದರು. ನಮ್ಮ ಎಷ್ಟೋ ವಾಚಕರ ಕಿಸೆಯಲ್ಲಿರುವ ಚೀಟಿಯ ವಂಶಾವಳಿ ಇದು.

ಆದರೆ ಬೆವರಿಜ್ ಅವರ ಲೆಕ್ಕದೊಂದಿಗೆ ಅದರ ಕೊರತೆಯೂ ನಮಗೆ ಬಂದಿದೆ. ಕೆಲಸದಲ್ಲಿ ಗಾಯವಾಗಿ ಅಂಗವಿಕಲನಾದವನಿಗೆ ಇ.ಎಸ್.ಐ.ಯು ಹಣ ಕೊಡುವ ವ್ಯವಸ್ಥೆ ಮಾಡಿತು. ಬಡ ಮುದುಕರಿಗೆ ಕೇಂದ್ರ ಸರಕಾರದ ವೃದ್ಧಾಪ್ಯ ವೇತನವು 1995ರಲ್ಲಿ ತಿಂಗಳಿಗೆ 75 ರೂಪಾಯಿಯಿಂದ ಆರಂಭವಾಗಿ ಮುಂದೆ 200ಕ್ಕೆ ಏರಿತು. 2007ರ ಕಾಯಿದೆಯು ತಾಯಿತಂದೆಗಳನ್ನು ಸಲಹುವ ಹೊಣೆಯನ್ನು ಮಕ್ಕಳ ಮೇಲೆ ಹೊರಿಸಿತು. 2024ರಲ್ಲಿ ಆಯುಷ್ಮಾನ್ ಭಾರತ ಯೋಜನೆಯ ಮೂಲಕ 70 ದಾಟಿದ ಎಲ್ಲರಿಗೂ ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆಯ ವೆಚ್ಚದ ಅಭಯ ದೊರೆಯಿತು. ಇವೆಲ್ಲವೂ ಸ್ವಾಗತಾರ್ಹವೇ. ಆದರೆ ಆಸ್ಪತ್ರೆಯಿಂದ ಮನೆಗೆ ಕಳುಹಿಸಿದ ಮರುದಿನದಿಂದ ಮುದುಕನನ್ನು ಎತ್ತಿ ಕೂರಿಸುವವರು ಯಾರು? ಊರಿನಲ್ಲಿ ಉಳಿದ ಅಣ್ಣನ ಹೆಂಡತಿ, ಮದುವೆಯಾಗದ ತಂಗಿ, ಇಲ್ಲವೆ ತಾನೇ ಮುದುಕಿಯಾದ ಹೆಂಡತಿ. ಅವರ ದುಡಿಮೆಗೆ ಸಂಬಳವಿಲ್ಲ, ರಜೆಯಿಲ್ಲ, ಪಿಂಚಣಿಯಿಲ್ಲ.

ಪರಊರಿನಲ್ಲಿರುವ ನಾವು ಹಣ ಕಳುಹಿಸಿದೊಡನೆ ನಮ್ಮ ಪಾಲು ಸಂದಿತೆಂದು ತಿಳಿಯುತ್ತೇವೆ. ಬೆವರಿಜ್ ಅವರಂಥ ಲೆಕ್ಕಿಗರೂ ಮೊದಲು ಹಾಗೆಯೇ ತಿಳಿದಿದ್ದರು. ಹಣದಾಚೆಗೂ ಅಗತ್ಯ ಉಳಿಯುವುದೆಂದು ಕೆಲವೇ ವರ್ಷಗಳಲ್ಲಿ ಬರೆದು ಒಪ್ಪಿಕೊಂಡರು. ಆರೈಕೆಗೂ ಒಂದು ವಿಮೆ ಬೇಕೆಂದು ನಮ್ಮ ಸಂಘಗಳೂ ಯೂನಿಯನ್ನುಗಳೂ ಕೇಳುವ ಕಾಲವು ಬಂದಿದೆ. ಅದು ಕೈಗೂಡುವವರೆಗೆ, ಮುಂದಿನ ಸಲ ಊರಿಗೆ ಹಣ ಕಳುಹಿಸುವಾಗ ತಾಯಿಯ ಔಷಧದ ಖರ್ಚಿನ ಜೊತೆಗೆ, ತಾಯಿಯನ್ನು ನೋಡಿಕೊಳ್ಳುತ್ತಿರುವ ಅತ್ತಿಗೆಯ ಹೆಸರಿನಲ್ಲಿಯೂ ಸ್ವಲ್ಪವನ್ನು ಕೂಡಿಸಿ ಕಳುಹಿಸಿದರೆ, ಬಹುಕಾಲದಿಂದ ಬರೆಯದೆ ಬಿಟ್ಟ ಒಂದು ಬಾಬನ್ನು ನಾವು ನಮ್ಮ ಮನೆಯ ಲೆಕ್ಕದಲ್ಲಾದರೂ ಬರೆದಂತಾಗುವುದು.